ಐದು ಪಿನ್ನಿನ ಒಪ್ಪಂದ

ಈಗ ಕೆಲಸ ಸುಲಭ. 25 ಕೀಗಳ ಪುಟ್ಟ ಮಿಡಿ ಕೀಬೋರ್ಡ್ ತರಿಸಿಕೊಂಡು, ಯುಎಸ್‌ಬಿ ಕೇಬಲ್ಲನ್ನ ಲ್ಯಾಪ್‌ಟಾಪ್‌ಗೆ ಚುಚ್ಚಿ, ಮ್ಯೂಸಿಕ್ ಸಾಫ್ಟ್‌ವೇರ್ ತೆರೆದು ಒಂದು ಕೀ ಒತ್ತಿದರೆ ಪಿಯಾನೊ ಕೇಳಿಸುತ್ತೆ. ಪಿಯಾನೊ ಬದಲು ಕೊಳಲು ಆರಿಸಿದರೆ ಅದೇ ಕೀ ಕೊಳಲಾಗುತ್ತೆ. ತಮಾಷೆ ಏನಂದ್ರೆ, ಒತ್ತಿದ ಆ ಕೀಯಿಂದ ಕೇಬಲ್‌ನೊಳಗೆ ಸದ್ದು ಹೋಗೋದೇ ಇಲ್ಲ.

ಹೋಗೋದು ಒಂದು ಚಿಕ್ಕ ಸಂದೇಶ. ಉದಾಹರಣೆಗೆ 144, 60, 100 ಅನ್ನೋ ಮೂರು ಬೈಟ್. 144 ಅಂದ್ರೆ ಒಂದನೇ ಚಾನೆಲ್‌ನಲ್ಲಿ ಸ್ವರ ಶುರು ಮಾಡು. 60 ಅಂದ್ರೆ ಪಿಯಾನೊ ನಡುವಿನ ‘ಸಿ’ ಸ್ವರ. 100 ಅಂದ್ರೆ ಕೀಯನ್ನ ಎಷ್ಟು ರಭಸವಾಗಿ ಒತ್ತಿದಿರಿ ಅನ್ನೋ ಲೆಕ್ಕ. ಬೆರಳು ಎತ್ತಿದಾಗ ‘ನಿಲ್ಲಿಸು’ ಅಂತ ಇನ್ನೊಂದು ಸಂದೇಶ. ಇದು ಹಾಡಿನ ಕ್ಯಾಸೆಟ್ ಅಲ್ಲ, ಸ್ವರ ಬರೆದ ಚೀಟಿ. ಓದಿ ನುಡಿಸೋದು ಕಂಪ್ಯೂಟರಿನ ಕೆಲಸ.

ಈ ಚೀಟಿಯ ಭಾಷೆಗೆ ನಲವತ್ತು ವರ್ಷ ದಾಟಿದೆ. ಅದಕ್ಕೂ ಮೊದಲು ಸಿಂಥಸೈಜರ್ ಕಂಪನಿಗಳದ್ದು ಒಬ್ಬೊಬ್ಬರದು ಒಂದೊಂದು ದಾರಿ. ಹಳೇ ಕನ್ನಡ ಫಾಂಟ್‌ಗಳ ಕಾಲ ನೆನಪಿದ್ದವರಿಗೆ ಈ ಕಷ್ಟ ಬೇಗ ಅರ್ಥವಾಗುತ್ತೆ: ಒಂದರಲ್ಲಿ ಟೈಪ್ ಮಾಡಿದ್ದು ಇನ್ನೊಂದರಲ್ಲಿ ಗಜಿಬಿಜಿ. ಸಂಗೀತಗಾರ ಒಂದೇ ಕಂಪನಿಗೆ ಗಂಟುಬೀಳಬೇಕಿತ್ತು.

1981ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಕಟ್ಟಿದ ಇಕುತಾರೊ ಕಾಕೆಹಾಶಿ, ಎಲ್ಲರಿಗೂ ಒಂದೇ ಭಾಷೆ ಬೇಕು ಅಂತ ಅಮೆರಿಕದ ತಯಾರಕರ ಜೊತೆ ಮಾತು ತೆಗೆದರು. ಕ್ಯಾಲಿಫೋರ್ನಿಯಾದ ಸೀಕ್ವೆನ್ಷಿಯಲ್ ಸರ್ಕಿಟ್ಸ್ ಕಂಪನಿಯ ಡೇವ್ ಸ್ಮಿತ್ ಆ ವರ್ಷವೇ, ತಮ್ಮ ಸಹೋದ್ಯೋಗಿ ಚೆಟ್ ವುಡ್ ಜೊತೆ ಸೇರಿ ಒಂದು ಕರಡು ಮುಂದಿಟ್ಟರು. ಅಮೆರಿಕದ ಹೆಚ್ಚಿನ ಕಂಪನಿಗಳು ಉತ್ಸಾಹ ತೋರಿಸಲಿಲ್ಲ. ರೋಲ್ಯಾಂಡ್, ಯಮಾಹಾ, ಕೊರ್ಗ್, ಕವಾಯ್ ಅನ್ನೋ ಜಪಾನಿನ ನಾಲ್ಕು ಪೈಪೋಟಿದಾರರು ಮಾತ್ರ ಸ್ಮಿತ್ ಜೊತೆ ಕೂತು ಕರಡನ್ನ ತಿದ್ದಿದರು.

1983ರ ಜನವರಿ. ಕ್ಯಾಲಿಫೋರ್ನಿಯಾದಲ್ಲಿ ನಡೆದ ವಾದ್ಯಗಳ ಪ್ರದರ್ಶನದಲ್ಲಿ ಸೀಕ್ವೆನ್ಷಿಯಲ್‌ನ ಪ್ರಾಫೆಟ್-600ಕ್ಕೂ ರೋಲ್ಯಾಂಡ್‌ನ ಜುಪಿಟರ್-6ಕ್ಕೂ ಕೇಬಲ್ ಹಾಕಿದರು. ಒಂದನ್ನ ನುಡಿಸಿದರೆ ಇನ್ನೊಂದೂ ದನಿಗೂಡಿಸಿತು. ಅದೇ ಆಗಸ್ಟ್‌ನಲ್ಲಿ ಮಿಡಿ 1.0 ಅಧಿಕೃತವಾಗಿ ಹೊರಬಂತು.

ಒಳಗಿದ್ದದ್ದು ಜಿಪುಣ ಎಂಜಿನಿಯರಿಂಗ್. ಆಗಲೇ ಅಗ್ಗವಾಗಿ ಸಿಗುತ್ತಿದ್ದ ಐದು ಪಿನ್ನಿನ ಪ್ಲಗ್. ಸೆಕೆಂಡಿಗೆ 31,250 ಬಿಟ್ ವೇಗ, ಅಂದ್ರೆ ಮೂರು ಬೈಟ್ ದಾಟೋಕೆ ಸುಮಾರು ಒಂದು ಮಿಲಿಸೆಕೆಂಡ್. ಚಾನೆಲ್ 16. ಸ್ವರಗಳ ಸಂಖ್ಯೆ 0ಯಿಂದ 127. ಎಲ್ಲಕ್ಕಿಂತ ಮುಖ್ಯ ಅಂದ್ರೆ, ಬಳಸೋಕೆ ಯಾರೂ ರಾಯಲ್ಟಿ ಕಟ್ಟಬೇಕಿರಲಿಲ್ಲ.

ಕಂಪ್ಯೂಟರಿನ ಕಡೆ ಬಾಗಿಲು ನಿಧಾನವಾಗಿ ತೆರೀತು. 1985ರ ಅಟಾರಿ ಎಸ್‌ಟಿಯಲ್ಲಿ ಮಿಡಿ ಪೋರ್ಟ್ ಅಂತರ್ಗತವಾಗಿತ್ತು, ಅದಕ್ಕೇ ಸ್ಟುಡಿಯೊಗಳಿಗೆ ಅದು ಅಚ್ಚುಮೆಚ್ಚು. ಪಿಸಿ ಇದ್ದವರು ಬೇರೆ ಕಾರ್ಡ್ ಹಾಕಿಸಬೇಕಿತ್ತು, ಆಮೇಲೆ ಸೌಂಡ್ ಕಾರ್ಡಿನ ಜಾಯ್‌ಸ್ಟಿಕ್ ಪೋರ್ಟೇ ಮಿಡಿ ಪೋರ್ಟ್ ಕೂಡ ಆಯ್ತು. 1999ರಲ್ಲಿ ಯುಎಸ್‌ಬಿ ಮೇಲೆ ಮಿಡಿ ಕಳಿಸೋ ನಿಯಮ ಬಂತು. ಅದರಲ್ಲೂ ಹಳೇ ಮೂರು ಬೈಟ್ ಹಾಗೇ ಇವೆ, ಮುಂದೆ ಒಂದು ಬೈಟ್ ಸೇರಿದೆ ಅಷ್ಟೇ.

ಒಪ್ಪಂದ ಬರೆದ ಸ್ಮಿತ್‌ಗೆ ಮಾರುಕಟ್ಟೆ ಕರುಣೆ ತೋರಿಸಲಿಲ್ಲ. 1987ರಲ್ಲಿ ಸೀಕ್ವೆನ್ಷಿಯಲ್ ಯಮಾಹಾ ಪಾಲಾಯ್ತು. 2013ರಲ್ಲಿ ಕಾಕೆಹಾಶಿ, ಸ್ಮಿತ್ ಇಬ್ಬರಿಗೂ ಟೆಕ್ನಿಕಲ್ ಗ್ರ್ಯಾಮಿ ಬಂತು. 2015ರಲ್ಲಿ ಯಮಾಹಾ ‘ಸೀಕ್ವೆನ್ಷಿಯಲ್’ ಅನ್ನೋ ಹೆಸರನ್ನ ಸ್ಮಿತ್‌ಗೆ ವಾಪಸ್ ಕೊಟ್ಟಿತು. ಅದಕ್ಕೆ ಒತ್ತಾಸೆಯಾಗಿ ನಿಂತವರು ಅದೇ ಕಾಕೆಹಾಶಿ!

ಆದರೆ ಆ ಭಾಷೆಯಲ್ಲಿ ನಮ್ಮ ಸಂಗೀತಕ್ಕೆ ಜಾಗ ಎಷ್ಟು? ಮಿಡಿ ಲೋಕವನ್ನ ಕೀಗಳ ಸಾಲಾಗಿ ನೋಡುತ್ತೆ: ಒಂದು ಸ್ಥಾಯಿಗೆ 12 ಮನೆ, ಮನೆ ಒತ್ತಿದೆಯೋ ಇಲ್ಲವೋ. ತೋಡಿಯ ಗಾಂಧಾರ ಮನೆಯಲ್ಲಿ ಸುಮ್ಮನೆ ಕೂರೋ ಸ್ವರ ಅಲ್ಲ, ಅದರ ಓಲಾಟವೇ ಅದರ ಗುರುತು. ಪಿಚ್ ಬೆಂಡ್ ಚಕ್ರ ತಿರುಗಿಸಿ ಓಲಾಡಿಸಬಹುದು, ನಿಜ. ಆದರೆ ಅದೇ ಚಾನೆಲ್‌ನಲ್ಲಿ ಎಡಗೈ ಹಿಡಿದಿರೋ ಸ-ಪ ಕೂಡ ಜೊತೆಗೇ ಜಾರುತ್ತೆ.

ಈ ತಕರಾರು ಹಳೇದು. ಗಮಕ, ಮೀಂಡ್ ಬರಲ್ಲ ಅನ್ನೋದೂ ಸೇರಿದಂತೆ ಹಲವು ಆಕ್ಷೇಪಗಳಿಂದ ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಹಾರ್ಮೋನಿಯಂ ನಿಷೇಧಿಸಿತ್ತು. 1971ರವರೆಗೆ ಅದು ಸಡಿಲವಾಗಲಿಲ್ಲ. ನಮ್ಮ ಕಂಪನಿ ನಾಟಕಗಳಲ್ಲಿ, ಭಜನೆ ಮನೆಗಳಲ್ಲಿ ಮಾತ್ರ ಹಾರ್ಮೋನಿಯಂ ಪಾಡಿಗೆ ಅದು ಹಾಡುತ್ತಲೇ ಇತ್ತು. ನಿಷೇಧದಿಂದ ಪೆಟ್ಟಿಗೆಗೆ ಗಮಕ ಬರಲೂ ಇಲ್ಲ, ಜನ ಅದನ್ನ ಬಿಡಲೂ ಇಲ್ಲ.

ಮಿಡಿ ವಿಷಯದಲ್ಲಿ ದಾರಿ ಬೇರೆ ಇದೆ, ಯಾಕಂದ್ರೆ ಇದು ತಿದ್ದಬಹುದಾದ ಒಪ್ಪಂದ. 2018ರ ಎಂಪಿಇ, ಪ್ರತಿ ಸ್ವರಕ್ಕೂ ತನ್ನದೇ ಚಾನೆಲ್ ಕೊಡೋ ಉಪಾಯ ತಂತು. 2020ರ ಮಿಡಿ 2.0ರಲ್ಲಿ ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಬಾಗಿಸೋ ಸಂದೇಶವೇ ಇದೆ. ಈಗ ಗಾಂಧಾರ ಓಲಾಡಬಹುದು, ಸ-ಪ ಅಲುಗದೆ ನಿಲ್ಲಬಹುದು.

ಅಂದ್ರೆ ಅಕ್ಷರ ಸಿಕ್ಕಿದೆ, ಬರವಣಿಗೆ ಬಾಕಿ ಇದೆ. ಗಮಕದಿಂದಲೇ ಶುರುವಾಗೋ ವಾದ್ಯ, ರಾಗ ಗೊತ್ತಿರೋ ಸಾಫ್ಟ್‌ವೇರ್ ಬೇಕು. ಹಗಲೆಲ್ಲಾ ಬೇರೆ ದೇಶದ ಬ್ಯಾಂಕುಗಳಿಗೆ ಕೋಡ್ ಬರೆದು, ರಾತ್ರಿ ಕೀಬೋರ್ಡ್ ಮುಂದೆ ಕೂರೋ ನಮ್ಮಂಥವರೇ ಅದನ್ನ ಬರೀಬೇಕು. ಆ ಐದು ಜನ ಪೈಪೋಟಿದಾರರು ಬೀಗ ಹಾಕದೆ ಬಿಟ್ಟುಹೋದ ಬಾಗಿಲು ಇನ್ನೂ ತೆರೆದೇ ಇದೆ.