ಕೂಟಶಾಸನದಿಂದ ಡಿಜಿಟಲ್ ಸಹಿಯವರೆಗೆ

ಇಮ್ಮಡಿ ಪುಲಕೇಶಿಗೆ ಇದಿರಾಗಿ ಹಿಮ್ಮೆಟ್ಟಿದ ಹರ್ಷವರ್ಧನನನ್ನು ವಾಚಕರೆಲ್ಲರೂ ಬಲ್ಲರಷ್ಟೆ. ಕ್ರಿ. ಶ. 631ರ ಸುಮಾರಿನಲ್ಲಿ ಅವನು ಹೊರಡಿಸಿದ ಮಧುಬನದ ತಾಮ್ರಶಾಸನವು ಒಂದು ಸ್ವಾರಸ್ಯವಾದ ಸಂಗತಿಯನ್ನು ತಿಳಿಸುತ್ತದೆ. ವಾಮರಥ್ಯನೆಂಬ ಬ್ರಾಹ್ಮಣನು ಕೂಟಶಾಸನದ, ಎಂದರೆ ಖೋಟಾ ಶಾಸನದ, ಬಲದಿಂದ ಒಂದು ಗ್ರಾಮವನ್ನು ಅನುಭವಿಸುತ್ತಿದ್ದನು. ದೊರೆಯು ಆ ಶಾಸನವನ್ನು ಮುರಿಸಿ, ಗ್ರಾಮವನ್ನು ಬೇರೆ ಇಬ್ಬರಿಗೆ ದತ್ತಿಯಾಗಿ ಕೊಟ್ಟನು.

ಇಂಥ ಮೋಸಕ್ಕೆ ತಡೆಯಾಗಿ ಹಿಂದಿನವರು ತಾಮ್ರದ ಹಲಗೆಗಳಿಗೆ ಬಳೆ ಪೋಣಿಸಿ, ಅದರ ತುದಿಗಳು ಕೂಡುವಲ್ಲಿ ರಾಜಮುದ್ರೆಯನ್ನು ಬೆಸೆಯುತ್ತಿದ್ದರು. ಬಾದಾಮಿಯ ಚಾಲುಕ್ಯರದು ವರಾಹ, ತಲಕಾಡಿನ ಗಂಗರದು ಆನೆ. ಬಳೆಯನ್ನು ಕತ್ತರಿಸದೆ ನಡುವಣ ಹಲಗೆಯನ್ನು ಬದಲಿಸುವಂತಿರಲಿಲ್ಲ. ಆದುದರಿಂದಲೇ ಶಾಸನತಜ್ಞರಾದ ಫ್ಲೀಟರು, ಶಾಸನವು ಕೈಸೇರಿದಾಗ ಬಳೆ ಕತ್ತರಿಸಿತ್ತೇ ಇಲ್ಲವೇ ಎಂಬುದನ್ನು ಗುರುತಿಸಿಡುತ್ತಿದ್ದರು. ಆದರೂ ಮುದ್ರೆಯು ಹಲಗೆಯನ್ನು ಕಾಯಿತೇ ಹೊರತು ಅಕ್ಷರವನ್ನು ಕಾಯಲಿಲ್ಲ; ಬರೆದುದನ್ನು ಬಡಿದು ಅಳಿಸಿ ಮತ್ತೆ ಕೊರೆಯಬಹುದಾಗಿತ್ತು.

ಅಕ್ಷರವನ್ನೇ ಕಾಯುವ ಮುದ್ರೆ ನಮ್ಮ ಕಾಲಕ್ಕೆ ಬಂದಿತು. 1976ರಲ್ಲಿ ಅಮೆರಿಕದ ಡಿಫಿ ಮತ್ತು ಹೆಲ್‌ಮನ್ ಡಿಜಿಟಲ್ ಸಹಿಯ ಕಲ್ಪನೆಯನ್ನು ಮುಂದಿಟ್ಟರು. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಅದಕ್ಕೆ ತಕ್ಕ ಗಣಿತವನ್ನು ಕಂಡುಹಿಡಿದರು. ಕಂಪ್ಯೂಟರು ಇಡೀ ಪತ್ರವನ್ನು ಲೆಕ್ಕಕ್ಕಿಳಿಸಿ ಒಂದು ಸಾರಸಂಖ್ಯೆಯನ್ನು ತೆಗೆಯುತ್ತದೆ. ಸಹಿದಾರನು ತನ್ನಲ್ಲೇ ಗುಟ್ಟಾಗಿರುವ ಕೀಲಿಯಿಂದ ಅದಕ್ಕೆ ಮುದ್ರೆಯಿಡುತ್ತಾನೆ. ಓದುವವನು ಎಲ್ಲರಿಗೂ ತಿಳಿದಿರುವ ಇನ್ನೊಂದು ಕೀಲಿಯಿಂದ ಅದನ್ನು ಪರೀಕ್ಷಿಸುತ್ತಾನೆ. ಸಹಿಯಾದ ಬರಹದಲ್ಲಿ ಒಂದು ಸೊನ್ನೆ ಹೆಚ್ಚಾದರೂ ಸಾರಸಂಖ್ಯೆ ಬೇರೆಯಾಗಿ ಕಳವು ಬಯಲಾಗುತ್ತದೆ. ಭಾರತದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ಈ ಸಹಿಗೆ ಮಾನ್ಯತೆ ಕೊಟ್ಟಿತು.

ಹಾಗಾದರೆ ನಿಶ್ಚಿಂತೆಯೇ? ಅಲ್ಲ. ಪಿಡಿಎಫ್ ಎಂಬ ಬಗೆಯ ಕಡತದಲ್ಲಿ ಹಳೆಯ ಬರಹವನ್ನು ಅಳಿಸದೆ, ಕೊನೆಯಲ್ಲಿ ಹೊಸದನ್ನು ಸೇರಿಸುತ್ತ ಹೋಗಲು ಅವಕಾಶವುಂಟು. ಮುದ್ರೆ ಬಿದ್ದ ಭಾಗ ಹಾಗೆಯೇ ಉಳಿದು, ತೆರೆಯ ಮೇಲೆ ಮಾತ್ರ ಬೇರೆ ಒಕ್ಕಣೆ ಕಾಣಬಹುದು. 2019ರಲ್ಲಿ ಜರ್ಮನಿಯ ಬೋಹುಮ್ ನಗರದ ರೂರ್ ವಿಶ್ವವಿದ್ಯಾನಿಲಯದ ಸಂಶೋಧಕರು ಇಂಥ ಕಡತಗಳನ್ನು ತೆರೆದು ತೋರಿಸುವ 22 ತಂತ್ರಾಂಶಗಳನ್ನು ಪರೀಕ್ಷಿಸಿದರು. 21 ಮೋಸ ಹೋದುವು! ಬಳಿಕ ತಯಾರಕರು ದೋಷಗಳನ್ನು ತಿದ್ದತೊಡಗಿದರು.

ಮನೆ ಜಮೀನಿನ ಪತ್ರಗಳು ಈ ರೂಪದಲ್ಲಿ ತಮ್ಮ ಕೈಗೆ ಬಂದಾಗ ಹಸಿರು ಗುರುತೊಂದನ್ನೇ ನಂಬಬೇಡಿರಿ. ಸಹಿಯ ವಿವರವನ್ನು ತೆರೆದು ಮೂರು ಸಂಗತಿಗಳನ್ನು ನೋಡಿರಿ: ಸಹಿ ಯಾರದು, ಅದು ಇಡೀ ಕಡತಕ್ಕೆ ಅನ್ವಯಿಸುವುದೇ, ಸಹಿಯ ನಂತರ ಏನಾದರೂ ಬದಲಾಗಿದೆಯೇ? ತಂತ್ರಾಂಶದ ಹೊಸ ಆವೃತ್ತಿಯನ್ನೇ ಬಳಸಿರಿ. ಮೂಲ ಕಡತವನ್ನು ಜೋಪಾನವಾಗಿಡಿರಿ. ಅಚ್ಚು ತೆಗೆದ ಹಾಳೆಯ ಮೇಲೆ ಸಹಿಯ ಚಿತ್ರವಿರುತ್ತದೆ, ಪರೀಕ್ಷೆಗೆ ಬೇಕಾದ ಸಂಖ್ಯೆ ಇರುವುದಿಲ್ಲ. ಮುದ್ರೆಯನ್ನು ಕಂಡು ಬಳೆಯನ್ನು ನೋಡದಿದ್ದರೆ, ಅಂದಿನಂತೆ ಇಂದೂ ಕೂಟಶಾಸನ ನಡೆದುಹೋಗುತ್ತದೆ.