ಹಳೇ ಕಂಪ್ಯೂಟರಿಗೊಂದು ಹೊಸ ಆಟ

2020ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಂದು ಕಂಪ್ಯೂಟರ್ ಆಟ ಬಿಡುಗಡೆ ಆಯ್ತು. ಹೆಸರು ‘ನಾಕ್ಸ್ ಆರ್ಕೈಸ್ಟ್’. ಹೊಸ ಆಟ ಬರೋದರಲ್ಲಿ ಏನು ವಿಶೇಷ, ದಿನಾ ಬರ್ತಾನೇ ಇರ್ತವಲ್ಲ ಅಂತೀರಾ? ವಿಶೇಷ ಏನಂದರೆ ಅದು ಬಂದದ್ದು ಆಪಲ್ 2 ಕಂಪ್ಯೂಟರಿಗೆ. ಆಪಲ್ 2 ಮೊದಲು ಮಾರಾಟಕ್ಕೆ ಬಂದದ್ದು 1977ರಲ್ಲಿ. ಅದೇ ಸಾಲಿನ 2ಇ ಮಾದರಿಯ ತಯಾರಿಕೆ ಕೂಡ 1993ರಲ್ಲಿ ನಿಂತುಹೋಯಿತು. ಅದಾಗಿ 27 ವರ್ಷದ ಮೇಲೆ, ಮಾರ್ಕ್ ಲೆಮ್ಮರ್ಟ್ ಅನ್ನುವವರ ಮುಂದಾಳತ್ವದಲ್ಲಿ ‘6502 ವರ್ಕ್‌ಶಾಪ್’ ಎಂಬ ಪುಟ್ಟ ತಂಡ ಆ ಯಂತ್ರಕ್ಕೆ ಒಂದು ದೊಡ್ಡ ರೋಲ್ ಪ್ಲೇಯಿಂಗ್ ಗೇಮ್ ಬರೆದು ಮುಗಿಸಿತ್ತು.

ಕೇಳಿದ ಕೂಡಲೇ ಬರೋ ಪ್ರಶ್ನೆ: ಯಾಕೆ? ಬಾಲ್ಯದ ನೆನಪು, ಹಳೇದರ ಮೋಹ, ಅಷ್ಟೇ ಅಂತ ಸುಮ್ಮನಾಗಬಹುದು. ಮೋಹ ಇದ್ದೇ ಇದೆ, ಇಲ್ಲ ಅನ್ನೋಲ್ಲ. ಆದರೆ ಈ ಆಟದ ಹಿಂದಿನ ಕಥೆ ಓದುತ್ತಾ, ಕಾಗದ ಪೆನ್ಸಿಲ್ ಹಿಡಿದು ಆ ಯಂತ್ರದ ಲೆಕ್ಕ ಹಾಕುತ್ತಾ ಹೋದ ಹಾಗೆ ನನಗೆ ಇದೂ ಇತಿಹಾಸ ಓದುವ ಒಂದು ಕ್ರಮ ಅಂತ ಅನ್ನಿಸತೊಡಗಿತು. ಹಳೆಯದನ್ನು ಮತ್ತೆ ಕೈಯಾರೆ ಮಾಡಿ ನೋಡಿದರೆ ಮಾತ್ರ ಸಿಗುವ ತಿಳಿವಳಿಕೆ ಅಂತ ಒಂದಿದೆ. ಅದರ ಬಗ್ಗೆಯೇ ಈ ಬರಹ.

*

ಮೊದಲು ಈ ರೋಲ್ ಪ್ಲೇಯಿಂಗ್ ಗೇಮ್ ಅಂದರೇನು ಅಂತ ಹೇಳಿಬಿಡ್ತೀನಿ. ತಾಳಮದ್ದಳೆ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತೆ. ವೇಷ ಇಲ್ಲ, ಕುಣಿತ ಇಲ್ಲ. ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು ಕೂತಿರ್ತಾರೆ. ಪ್ರಸಂಗದ ಚೌಕಟ್ಟು ಇದೆ, ಮಾತು ಮಾತ್ರ ಆ ರಾತ್ರಿಯದು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೆಚ್ಚುಕಮ್ಮಿ ಇದೇ ಜಾತಿಯದು. ಒಬ್ಬ ಮಂತ್ರವಾದಿ, ಒಬ್ಬ ಯೋಧ, ಒಬ್ಬ ಕಳ್ಳ. ಭಾಗವತರ ಹಾಗೆ ಕಥೆ ನಡೆಸುವವನೊಬ್ಬ. ಹೊಡೆತ ಬಿತ್ತೋ ತಪ್ಪಿತೋ ಅನ್ನೋದನ್ನ ದಾಳ ಹೇಳುತ್ತೆ.

ಈ ಭಾಗವತನ ಕೆಲಸವನ್ನು ಕಂಪ್ಯೂಟರಿಗೆ ಕೊಟ್ಟರೆ ಹೇಗೆ? ಎಪ್ಪತ್ತರ ದಶಕದಲ್ಲಿ ಹೀಗೆ ಯೋಚಿಸಿದವರು ಹಲವರು. ಅವರಲ್ಲೊಬ್ಬ ಟೆಕ್ಸಸ್‌ನ ಹೈಸ್ಕೂಲ್ ಹುಡುಗ ರಿಚರ್ಡ್ ಗ್ಯಾರಿಯಟ್. ಅಪ್ಪ ಓವನ್ ಗ್ಯಾರಿಯಟ್ ಗಗನಯಾತ್ರಿ, 1973ರಲ್ಲಿ ಸ್ಕೈಲ್ಯಾಬ್‌ಗೆ ಹೋಗಿಬಂದವರು. ಮಗ ಹುಟ್ಟಿದ್ದು ಇಂಗ್ಲೆಂಡಿನಲ್ಲಾದ್ದರಿಂದ ಗೆಳೆಯರು ಇಟ್ಟ ಅಡ್ಡಹೆಸರು ‘ಲಾರ್ಡ್ ಬ್ರಿಟಿಷ್’. ಶಾಲೆಯಲ್ಲಿ ಪರದೆ ಇಲ್ಲದ ಟೆಲಿಟೈಪ್ ಯಂತ್ರ ಇತ್ತು. ಪ್ರತಿ ಹೆಜ್ಜೆಗೂ ನಕ್ಷೆ ಕಾಗದದ ಮೇಲೆ ಅಚ್ಚಾಗಬೇಕು. ಗೋಡೆ ಅಂದರೆ ಒಂದು ನಕ್ಷತ್ರ ಚಿಹ್ನೆ, ದಾರಿ ಅಂದರೆ ಖಾಲಿ ಜಾಗ!

ಆ ಹುಡುಗನ ಕೈಗೆ ಆಪಲ್ 2 ಸಿಕ್ಕಿತು. ಅದರಲ್ಲಿ ಬರೆದ ‘ಅಕಲಾಬೆತ್’ ಆಟವನ್ನು ಅವನು ತಾನು ಕೆಲಸಕ್ಕಿದ್ದ ಕಂಪ್ಯೂಟರ್ ಅಂಗಡಿಯಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮಾರಾಟಕ್ಕಿಟ್ಟ. 1980ರಲ್ಲಿ ಕ್ಯಾಲಿಫೋರ್ನಿಯಾ ಪೆಸಿಫಿಕ್ ಕಂಪನಿ ಅದನ್ನು ಪ್ರಕಟಿಸಿತು. 30,000 ಪ್ರತಿ ಹೋಯಿತು, ಪ್ರತಿಯೊಂದಕ್ಕೆ 5 ಡಾಲರ್ ಬಂತು ಅನ್ನೋದು ಗ್ಯಾರಿಯಟ್ ತಾನೇ ಹೇಳಿಕೊಂಡು ಬಂದ ಲೆಕ್ಕ. 1981ರಲ್ಲಿ ‘ಅಲ್ಟಿಮಾ’. ಮೊದಲನೆಯದು ಬಹುಪಾಲು ಬೇಸಿಕ್ ಭಾಷೆಯಲ್ಲಿ, ಚಿತ್ರ ಬಿಡಿಸುವ ಭಾಗ ಮಾತ್ರ ಗೆಳೆಯನ ಸಹಾಯದಿಂದ ಅಸೆಂಬ್ಲಿಯಲ್ಲಿ. 1982ರಲ್ಲಿ ಬಂದ ಎರಡನೆಯದು ಪೂರ್ತಿ ಅಸೆಂಬ್ಲಿ. ಆಮೇಲೆ 1983ರಲ್ಲಿ ಮೂರನೆಯದು, 1985ರಲ್ಲಿ ನಾಲ್ಕನೆಯದು, 1988ರಲ್ಲಿ ಐದನೆಯದು. 1990ರ ಆರನೆಯ ಅಲ್ಟಿಮಾ ಬರುವ ಹೊತ್ತಿಗೆ ಜಗತ್ತು ಐಬಿಎಂ ಪಿಸಿ ಕಡೆ ಹೊರಳಿತ್ತು. ಆಪಲ್ 2ಕ್ಕೆ ಆ ಆಟ ಬರಲೇ ಇಲ್ಲ.

ನಾಕ್ಸ್ ಆರ್ಕೈಸ್ಟ್ ಶುರುವಾಗೋದು ಇಲ್ಲಿಂದಲೇ. ಆಪಲ್ 2ರಲ್ಲಿ ಅರ್ಧಕ್ಕೆ ನಿಂತ ಆ ಸಾಲನ್ನು ಯಾರಾದರೂ ಮುಂದುವರೆಸಿದ್ದರೆ?

*

ಈಗ ಆ ಯಂತ್ರದ ಒಳಗೆ ಸ್ವಲ್ಪ ಇಣುಕೋಣ. ಲೆಕ್ಕ ಬೇಡ ಅನ್ನೋರು ಒಂದೆರಡು ಪ್ಯಾರಾ ಹಾರಿಸಬಹುದು, ಆದರೆ ಮಜಾ ಇರೋದೇ ಅಲ್ಲಿ :-)

ಆಪಲ್ 2ರ ಮೆದುಳು 6502 ಚಿಪ್. 1975ರಲ್ಲಿ 25 ಡಾಲರಿಗೆ ಸಿಗುವಂತೆ ಬಂದು ಮನೆ ಕಂಪ್ಯೂಟರುಗಳ ದಾರಿ ತೆರೆದ ಚಿಪ್ ಇದು. ವೇಗ ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಬಡಿತ. ಕೂಡು, ಕಳೆ ಗೊತ್ತು. ಗುಣಿಸು, ಭಾಗಿಸು ಗೊತ್ತಿಲ್ಲ. ಸ್ಟೀವ್ ವಾಜ್ನಿಯಾಕ್ ರೂಪಿಸಿದ ಪರದೆಯಲ್ಲಿ ಅಡ್ಡಕ್ಕೆ 280 ಚುಕ್ಕೆ, ಉದ್ದಕ್ಕೆ 192 ಸಾಲು. ಒಂದು ಬೈಟಿನಲ್ಲಿ 8 ಬಿಟ್ ಇರುತ್ತೆ ಅಲ್ವಾ? ಇಲ್ಲಿ ಅದರಲ್ಲಿ 7 ಬಿಟ್ ಮಾತ್ರ ಚುಕ್ಕೆಗೆ. ಎಂಟನೆಯದು ಆ ಏಳೂ ಚುಕ್ಕೆಗಳು ನೇರಳೆ-ಹಸಿರು ಗುಂಪಿಗೆ ಸೇರಬೇಕೋ ನೀಲಿ-ಕಿತ್ತಳೆ ಗುಂಪಿಗೋ ಅಂತ ಹೇಳುತ್ತೆ. ನೀಲಿ ಸಮುದ್ರದ ಪಕ್ಕದಲ್ಲೇ ಹಸಿರು ಹುಲ್ಲು ಬೇಕಾ? ಒಂದೇ ಬೈಟಿನೊಳಗೆ ಆಗೋಲ್ಲ.

ಇನ್ನೊಂದು ತಮಾಷೆ. ಪರದೆಯ ಮೊದಲ ಸಾಲು ಮೆಮೊರಿಯ 8192ನೇ ಮನೆಯಿಂದ ಶುರು. ಒಂದು ಸಾಲಿಗೆ 40 ಬೈಟು, ಹಾಗಾಗಿ ಎರಡನೇ ಸಾಲು 8232ರಿಂದ ಶುರುವಾಗಬೇಕು ತಾನೆ? ಇಲ್ಲ ಸ್ವಾಮಿ, ಅದು ಇರೋದು 9216ರಲ್ಲಿ! ಚಿಪ್ಪುಗಳ ಸಂಖ್ಯೆ ಉಳಿಸಲು ವಾಜ್ನಿಯಾಕ್ ಸಾಲುಗಳನ್ನು ಹೀಗೆ ಚದುರಿಸಿಟ್ಟಿದ್ದರು. ಗುಣಾಕಾರ ಬಾರದ ಚಿಪ್ ಪ್ರತಿ ಸಲ ಈ ವಿಳಾಸ ಲೆಕ್ಕ ಹಾಕುತ್ತಾ ಕೂತರೆ ಆಟ ಮುಂದೆ ಹೋಗೋಲ್ಲ. ಅದಕ್ಕೇ 192 ಸಾಲುಗಳ ವಿಳಾಸವನ್ನೂ ಮೊದಲೇ ಒಂದು ಪಟ್ಟಿ ಮಾಡಿ ಇಟ್ಟುಕೊಳ್ತಾರೆ. ಒಂದಕ್ಕೆ ಎರಡು ಬೈಟಿನಂತೆ 384 ಬೈಟು ಖರ್ಚು. ಜಾಗ ಕೊಟ್ಟು ವೇಗ ಕೊಳ್ಳೋದು.

ಇನ್ನು ನಕ್ಷೆ. ಮರ, ಬೆಟ್ಟ, ನೀರು ಎಲ್ಲವೂ ನೆಲಕ್ಕೆ ಹಾಕೋ ಟೈಲ್ಸ್ ಥರ ಚೌಕ ಚೌಕ ಚಿತ್ರಗಳು. ಒಂದು ಟೈಲ್ 14 ಚುಕ್ಕೆ ಅಗಲ, 16 ಸಾಲು ಎತ್ತರ ಅಂತಿಟ್ಟುಕೊಳ್ಳಿ, ಅಂದರೆ 32 ಬೈಟು. 14 ಯಾಕೆ? 7ರ ಎರಡರಷ್ಟು, ಬೈಟಿನ ಅಂಚಿಗೆ ಸರಿಯಾಗಿ ಕೂರುತ್ತೆ. 11 ಅಡ್ಡ, 11 ಉದ್ದದ ಕಿಟಕಿಯಲ್ಲಿ 121 ಟೈಲ್, 3,872 ಬೈಟು. ನಾಯಕ ಒಂದು ಹೆಜ್ಜೆ ಇಟ್ಟರೆ ಇಷ್ಟನ್ನೂ ಮತ್ತೆ ಬಿಡಿಸಬೇಕು. ಬೈಟಿಗೆ 16 ಬಡಿತ ಹಿಡಿದರೂ ಸುಮಾರು 62 ಸಾವಿರ ಬಡಿತ, ಸೆಕೆಂಡಿನ ಹದಿನಾರನೇ ಒಂದು ಭಾಗ. ಬಿಡಿಸೋದು ಕಣ್ಣಿಗೆ ಕಾಣಬಾರದು ಅಂದರೆ ಮರೆಯಲ್ಲಿ ಇನ್ನೊಂದು ಪರದೆ ಇಟ್ಟುಕೊಂಡು, ಅಲ್ಲಿ ಬಿಡಿಸಿ, ಆಮೇಲೆ ಅದಲುಬದಲು ಮಾಡಬೇಕು. ಒಂದು ಪರದೆಗೆ 8 ಕೆಬಿ, ಎರಡಕ್ಕೆ 16. ಅಂದಿನ 48 ಕೆಬಿ ಯಂತ್ರದಲ್ಲಿ ಮೂರನೇ ಒಂದು ಭಾಗ ಕಥೆ ಶುರುವಾಗೋ ಮೊದಲೇ ಖಾಲಿ!

ಈಗ ಅಲ್ಟಿಮಾ 3ರ ನಕ್ಷೆ ನೋಡಿ. 64 ಅಡ್ಡ, 64 ಉದ್ದ. ಟೈಲಿಗೊಂದು ಬೈಟಿನಂತೆ 4,096 ಬೈಟು, ಸರಿಯಾಗಿ 4 ಕೆಬಿ. ಆ ಲೋಕ ಅಷ್ಟೇ ದೊಡ್ಡದಾಗಿದ್ದಕ್ಕೆ ಕಥೆಗಿಂತ ಮೆಮೊರಿಯೇ ಕಾರಣ ಅಂತ ನನ್ನ ಊಹೆ. ಅಲ್ಟಿಮಾ 4ರ ಲೋಕ 256ಕ್ಕೆ 256. ಅದಕ್ಕೆ 64 ಕೆಬಿ ಪೂರ್ತಿ ಬೇಕು. ಹಾಗಾಗಿ ಲೋಕವನ್ನು ತುಂಡು ತುಂಡು ಮಾಡಿ ಫ್ಲಾಪಿಯಲ್ಲಿಟ್ಟು, ನಾಯಕ ನಡೆದ ಕಡೆಯ ತುಂಡನ್ನು ಮಾತ್ರ ಒಳಗೆ ತರಿಸಿಕೊಳ್ಳುತ್ತಿದ್ದರು. ಒಂದು ಫ್ಲಾಪಿಯ ಒಂದು ಮಗ್ಗುಲಲ್ಲಿ ಹಿಡಿಸೋದಾದರೂ ಎಷ್ಟು? 140 ಕೆಬಿ. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸೋಲ್ಲ.

*

ಇಷ್ಟು ಬಡತನದಲ್ಲಿ ಏನು ಮಾಡಬಹುದಿತ್ತು ಅನ್ನೋದಕ್ಕೆ ಅಲ್ಟಿಮಾ 4 ನನ್ನ ಮೆಚ್ಚಿನ ಉದಾಹರಣೆ. ಆಟದ ಪೂರ್ತಿ ಹೆಸರಿನಲ್ಲೇ ನಮ್ಮ ‘ಅವತಾರ’ ಪದ ಇದೆ. ಕೊನೆಯಲ್ಲಿ ಕೊಲ್ಲಬೇಕಾದ ರಾಕ್ಷಸ ಇಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಅಧ್ಯಾತ್ಮ, ವಿನಯ, ಈ ಎಂಟು ಗುಣ ಗಳಿಸಿ ಅವತಾರ ಪುರುಷ ಆಗೋದೇ ಗುರಿ.

ನಾನು ಇದನ್ನು ಎಮ್ಯುಲೇಟರಿನಲ್ಲಿ ಆಡಿದ್ದೇನೆ. ಮಂತ್ರಕ್ಕೆ ಬೇಕಾದ ಗಿಡಮೂಲಿಕೆ ಮಾರುವ ಅಂಗಡಿಯಾಕೆ ಕುರುಡಿ. ದುಡ್ಡು ಎಣಿಸಿ ಇಡಬೇಕಾದವರು ನೀವೇ. ಕಮ್ಮಿ ಇಟ್ಟರೂ ಆಕೆ ಏನೂ ಅನ್ನೋಲ್ಲ, ಥ್ಯಾಂಕ್ಸ್ ಹೇಳಿ ಕಳಿಸ್ತಾಳೆ. ಮೋಸ ಮಾಡಿದಿರಿ ಅಂತ ಪರದೆಯಲ್ಲಿ ಒಂದಕ್ಷರ ಬರೋಲ್ಲ. ಆದರೆ ಒಳಗೆಲ್ಲೋ ಪ್ರಾಮಾಣಿಕತೆಯ ಅಂಕಿ ಇಳಿದಿರುತ್ತೆ. ಅದರ ಲೆಕ್ಕ ಸಿಗೋದು ಬಹಳ ದೂರ ಹೋದ ಮೇಲೆ!

ತಾಂತ್ರಿಕವಾಗಿ ಇದಕ್ಕೆ ಬೇಕಾದದ್ದು ಗುಣಕ್ಕೊಂದರಂತೆ ಎಂಟು ಅಂಕಿ. ಎಂಟು ಬೈಟು! ಒಂದು ಟೈಲ್ ಚಿತ್ರದ ಕಾಲು ಭಾಗ. ಮರವೊಂದರ ಚಿತ್ರಕ್ಕಿಂತ ಕಮ್ಮಿ ಜಾಗದಲ್ಲಿ ಮನಸ್ಸಾಕ್ಷಿ ಹಿಡಿಸಿತ್ತು. ಊರಿನವರ ಜೊತೆ ಮಾತಾಡೋದೂ ಅಷ್ಟೇ, ಹೆಸರು, ಕೆಲಸ ಅಂತ ಒಂದೊಂದು ಪದ ಟೈಪ್ ಮಾಡಬೇಕು. ಯಂತ್ರ ನೋಡೋದು ಆ ಪದದ ಮೊದಲ ನಾಲ್ಕಕ್ಷರ ಮಾತ್ರ. ಎಮ್ಯುಲೇಟರಿನಲ್ಲಿ ಆಡಿದವರಿಗೆ ಇದು ಹಳೇ ಕಾಲದ ತೊಡಕು ಅನ್ನಿಸಬಹುದು. ಒಂದೊಂದು ಬೈಟು ಎಣಿಸಿ ಬರೆಯಲು ಕೂತವನಿಗೆ ಮಾತ್ರ, ಇದೊಂದು ಜಾಣ ತೀರ್ಮಾನ ಅಂತ ಗೊತ್ತಾಗುತ್ತೆ.

ಮತ್ತೆ ಮಾಡಿ ನೋಡಿದರೆ ಸಿಗುವ ತಿಳಿವಳಿಕೆ ಅಂತ ಮೊದಲಿಗೆ ಹೇಳಿದೆನಲ್ಲ, ಅದು ಇದೇ. ಎಮ್ಯುಲೇಟರ್ ಆಟವನ್ನು ಉಳಿಸುತ್ತೆ, ಆಟ ಕಟ್ಟುವ ವಿದ್ಯೆಯನ್ನು ಉಳಿಸೋಲ್ಲ. ತಾಳೆಗರಿಯನ್ನು ಸ್ಕ್ಯಾನ್ ಮಾಡಿ ಇಡಬಹುದು. ಗರಿ ಹದ ಮಾಡಿ, ಲೋಹದ ಮೊನೆಯಿಂದ ಅದರ ಮೇಲೆ ಹರಿಯದ ಹಾಗೆ ಬರೆಯೋದು ಬೇರೆಯೇ ವಿದ್ಯೆ, ಬರೆಯುತ್ತಾ ಇದ್ದರೆ ಮಾತ್ರ ಉಳಿಯೋದು.

*

ನಾಕ್ಸ್ ಆರ್ಕೈಸ್ಟ್ ತಂಡಕ್ಕೆ ದಾರಿ ಸಲೀಸಾಗಿರಲಿಲ್ಲ. ಜನರಿಂದ ಮುಂಗಡ ಹಣ ಕೂಡಿಸುವ ಕಿಕ್‌ಸ್ಟಾರ್ಟರ್‌ಗೆ 2017ರಲ್ಲಿ ಹೋದಾಗ ಪ್ರಯತ್ನ ಫಲಿಸಲಿಲ್ಲ. ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಬಿಡದೆ ಕೆಲಸ ಮುಂದುವರೆಸಿ 2019ರಲ್ಲಿ ಮತ್ತೆ ಬಂದರು, ಆಗ ಜನ ಕೈಹಿಡಿದರು. 128 ಕೆಬಿ ಮೆಮೊರಿ ಇರುವ ನಿಜವಾದ ಆಪಲ್ 2ರಲ್ಲಿ ಓಡುವ ಆಟ ಕೊನೆಗೂ ಬಂತು, ಹಳೇ ಕಾಲದ ಹಾಗೆ ಪೆಟ್ಟಿಗೆ, ಮುದ್ರಿತ ಕೈಪಿಡಿ, ಬಟ್ಟೆಯ ಮೇಲಿನ ನಕ್ಷೆ ಸಮೇತ.

ಇನ್ನೊಂದು ಸಂತೋಷದ ವಿಷಯ. ಅಲ್ಟಿಮಾ ಹೆಸರಿನ ಹಕ್ಕು 1992ರಲ್ಲಿ ಗ್ಯಾರಿಯಟ್ ಕಂಪನಿಯನ್ನು ಕೊಂಡ ಎಲೆಕ್ಟ್ರಾನಿಕ್ ಆರ್ಟ್ಸ್ ಬಳಿ ಇದೆ, ಆ ಹೆಸರು ಬಳಸುವಂತಿಲ್ಲ. ಆದರೆ ‘ಲಾರ್ಡ್ ಬ್ರಿಟಿಷ್’ ಗ್ಯಾರಿಯಟ್‌ದೇ. ಅವರ ಒಪ್ಪಿಗೆಯಿಂದ ಆ ರಾಜ ಹೊಸ ಆಟದೊಳಗೆ ಬಂದಿದ್ದಾನೆ. ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲ ಇಟ್ಟ ಹುಡುಗ ನಲವತ್ತು ವರ್ಷದ ಮೇಲೆ ಅದೇ ಯಂತ್ರಕ್ಕೆ ಅತಿಥಿಯಾಗಿ ವಾಪಸ್!

ಈ ಹುಚ್ಚು ಆಪಲ್ 2ರದ್ದು ಮಾತ್ರ ಅಂದುಕೊಳ್ಳಬೇಡಿ. 64 ಕೆಬಿಯ ಕಮೋಡೋರ್ 64ಕ್ಕೆ ಸಾರಾ ಜೇನ್ ಏವರಿ ‘ಬ್ರೈಲಿ ವಿಚ್ ಕ್ರಾನಿಕಲ್ಸ್’ ಬರೆದದ್ದು 2021ರಲ್ಲಿ. 1991ರಲ್ಲಿ ಪಿಸಿಗೆ ಬಂದಿದ್ದ ‘ಐ ಆಫ್ ದ ಬಿಹೋಲ್ಡರ್’ 2022ರಲ್ಲಿ ಅದೇ ಕಮೋಡೋರ್‌ಗೆ ಇಳಿದು ಬಂತು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಇವತ್ತು ಇಂಥ ಆಟ ಬರೆಯುವವರ ಹತ್ತಿರ ವೇಗದ ಕಂಪ್ಯೂಟರ್ ಇದೆ, ಅದರಲ್ಲೇ ಬರೆದು ಅದರಲ್ಲೇ ಪರೀಕ್ಷೆ ಮಾಡಬಹುದು. ಚಿಪ್ಪಿನ ಪ್ರತಿಯೊಂದು ಗುಟ್ಟೂ ಅಂತರ್ಜಾಲದಲ್ಲಿದೆ. ‘ಸಾಫ್ಟಾಕ್’ ಪತ್ರಿಕೆಯಲ್ಲಿ ರೋಜರ್ ವ್ಯಾಗ್ನರ್ ತಿಂಗಳಿಗೊಂದರಂತೆ ಬರೆದ ಅಸೆಂಬ್ಲಿ ಪಾಠಗಳು 2014ರಲ್ಲಿ ಮತ್ತೆ ಪುಸ್ತಕವಾಗಿವೆ. 1982ರವರಿಗೆ ಮುಂದಿನ ಪಾಠಕ್ಕೆ ಮುಂದಿನ ತಿಂಗಳವರೆಗೆ ಕಾಯಬೇಕಿತ್ತು. ಅದಕ್ಕಿಂತ ದೊಡ್ಡ ವ್ಯತ್ಯಾಸ, ಗ್ಯಾರಿಯಟ್‌ಗೆ 48 ಕೆಬಿ ಅನ್ನೋದು ವ್ರತ ಆಗಿರಲಿಲ್ಲ. ಅವನ ಪಾಲಿಗೆ ಅದೇ ನಾಳೆಯ ಯಂತ್ರ. ಇಂದಿನವರು ತಾವಾಗಿ ಹಾಕಿಕೊಂಡ ಬೇಲಿ ಅಂದಿನವರಿಗೆ ಸಿಕ್ಕ ಬಯಲು. ಹಾಗಾಗಿ ಮತ್ತೆ ಮಾಡಿ ನೋಡಿದರೆ ಅವರ ಕೈಯ ಕೆಲಸ ಅರ್ಥವಾಗುತ್ತೆ, ಅವರ ಉತ್ಸಾಹ ಪೂರ್ತಿಯಾಗಿ ಸಿಗೋಲ್ಲ.

ಆದರೂ ಕೈಯ ಕೆಲಸ ಅರ್ಥವಾಗೋದು ಸಣ್ಣ ವಿಷಯ ಅಲ್ಲ. 6502 ರೂಪಿಸಿದ ತಂಡದ ಮುಖ್ಯಸ್ಥ ಚಕ್ ಪೆಡಲ್ 2019ರಲ್ಲಿ ಹೋದರು. 1981ರಲ್ಲಿ ಆಪಲ್ 2ಕ್ಕೆ ‘ವಿಝರ್ಡ್ರಿ’ ಬರೆದ ಇಬ್ಬರಲ್ಲಿ ಒಬ್ಬರಾದ ಆಂಡ್ರ್ಯೂ ಗ್ರೀನ್‌ಬರ್ಗ್ 2024ರಲ್ಲಿ ತೀರಿಕೊಂಡರು. ಅಂದಿನ ಫ್ಲಾಪಿಗಳ ಕಾಂತಶಕ್ತಿ ವರ್ಷದಿಂದ ವರ್ಷಕ್ಕೆ ಕುಂದುತ್ತಿದೆ. ಎರಡನೇ ಸಾಲು 9216ರಲ್ಲಿ ಯಾಕಿದೆ ಅನ್ನೋದು ಪುಸ್ತಕದಲ್ಲಿ ಇರುತ್ತೆ ನಿಜ. ಆದರೆ ಆ ಪಟ್ಟಿಯನ್ನು ತಾನೇ ಟೈಪ್ ಮಾಡಿ, ತಪ್ಪಿ, ಸಮುದ್ರದ ಮಧ್ಯೆ ಬೆಟ್ಟದ ಚೂರು ಕಂಡು ತಲೆ ಚಚ್ಚಿಕೊಂಡು ಸರಿಮಾಡಿದವರು ಇನ್ನೂ ಕೆಲವರಿದ್ದಾರೆ, ಅವರ ವಯಸ್ಸು ಎಂಬತ್ತಲ್ಲ ಅನ್ನೋದು ನನಗೆ ಸಮಾಧಾನದ ವಿಷಯ.