ಓಕ್ ರಿಡ್ಜಿನ ಇಲಿಮನೆ

ಅಮೆರಿಕದ ಟೆನೆಸೀ ಸಂಸ್ಥಾನದ ಒಂದು ಕಣಿವೆಯಲ್ಲಿ, ತಲೆಮಾರುಗಳಿಂದ ಉಳುತ್ತ ಬಂದಿದ್ದ ರೈತರನ್ನು 1942ರಲ್ಲಿ ಒಕ್ಕಲೆಬ್ಬಿಸಿ, ಪರಮಾಣು ಬಾಂಬಿಗೆ ಬೇಕಾದ ಯುರೇನಿಯಮನ್ನು ಬೇರ್ಪಡಿಸುವ ಸಲುವಾಗಿ ಸರ್ಕಾರವು ಗುಟ್ಟಾಗಿ ಕಟ್ಟಿಸಿದ ನಗರಕ್ಕೆ ಓಕ್ ರಿಡ್ಜ್ ಎಂದು ಹೆಸರು. 1945ರ ವೇಳೆಗೆ ಸುಮಾರು 75,000 ಜನ ವಾಸವಾಗಿದ್ದ ಆ ನಗರದ ಕಾವಲುದ್ವಾರಗಳು ಸಾರ್ವಜನಿಕರಿಗೆ ತೆರೆದದ್ದು 1949ರ ಮಾರ್ಚಿನಲ್ಲಿ. ಅದೇ ವರ್ಷ ಅಲ್ಲಿನ ಪ್ರಯೋಗಾಲಯದ ಇಲಿಮನೆಯಲ್ಲಿ, ಮೈಚರ್ಮವೆಲ್ಲ ಹೊಟ್ಟಿನಂತೆ ಉದುರುತ್ತ, ಹೊಟ್ಟೆಯೊಳಗೆ ಗುಲ್ಮವು ಉಬ್ಬಿ, ಹುಟ್ಟಿದ ಮೂರು ನಾಲ್ಕು ವಾರಗಳಲ್ಲಿ ಪ್ರಾಣ ಬಿಡುವ ಕೆಲವು ಗಂಡು ಮರಿಗಳು ಕಾಣಿಸಿಕೊಂಡವು. ನಮ್ಮ ರೋಗರಕ್ಷಕ ಕಣಗಳನ್ನು ಅಂಕೆಯಲ್ಲಿಡುವ ವಂಶವಾಹಿಯೊಂದರ ಚರಿತ್ರೆಯನ್ನು ಬರೆಯುವವರು ಈ ಮರಿಗಳಿಂದಲೇ ಆರಂಭಿಸತಕ್ಕದ್ದೆಂದು ನನ್ನ ಎಣಿಕೆ.

ಇಲಿಮನೆಯನ್ನು ಕಟ್ಟಿದವರು ವಿಲಿಯಂ ರಸೆಲ್ ಮತ್ತು ಅವರ ಪತ್ನಿ ಲಿಯಾನ್ ರಸೆಲ್. ಲಿಯಾನ್ ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕಾಟದಿಂದ ಎಳೆಯ ವಯಸ್ಸಿನಲ್ಲಿಯೇ ದೇಶ ಬಿಟ್ಟು ಬಂದವರು. ಬಾಂಬು ಸಿಡಿದ ಮೇಲೆ, ವಿಕಿರಣವು ಮುಂದಿನ ಸಂತಾನಕ್ಕೆ ಎಂತಹ ಹಾನಿಯನ್ನು ದಾಟಿಸೀತೆಂಬ ಭಯ ಲೋಕವನ್ನು ಆವರಿಸಿತ್ತಷ್ಟೆ. ಆ ಪ್ರಶ್ನೆಗೆ ಉತ್ತರ ಹುಡುಕಲು ಈ ದಂಪತಿಗಳು 1947ರಲ್ಲಿ ಓಕ್ ರಿಡ್ಜಿಗೆ ಬಂದು, ಲಕ್ಷಗಟ್ಟಲೆ ಸುಂಡಿಲಿಗಳನ್ನು ಪೀಳಿಗೆ ಪೀಳಿಗೆಯಾಗಿ ಸಾಕತೊಡಗಿದರು. ಅವರು ರೂಪಿಸಿದ ಪರೀಕ್ಷೆಯು ಏಳು ವಂಶವಾಹಿಗಳನ್ನು ಕುರಿತದ್ದು. ಅವುಗಳಲ್ಲಿ ಆದ ಬದಲಾವಣೆ ತುಪ್ಪಟದ ಬಣ್ಣದಲ್ಲಿಯೋ ಕಿವಿಯ ಆಕಾರದಲ್ಲಿಯೋ ಕಣ್ಣಿಗೆ ಕಾಣುವಂಥದು. ಆದಕಾರಣ ಆ ಮನೆಯ ದಿನಗೆಲಸವೆಂದರೆ ಗೂಡುಗಳನ್ನು ಶುಚಿಮಾಡುವುದು, ಮೇವು ನೀರು ಇಡುವುದು, ಮರಿಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಮೈಯನ್ನು ನೋಡುವುದು. ಈ ಕೆಲಸಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲವೆಂದು ನನಗೆ ಬಲವಾಗಿ ತೋರುತ್ತದೆ. ಏಕೆಂದರೆ ಹೊಟ್ಟೆದ್ದ ಆ ಮರಿಗಳ ರೋಗವು ವಿಕಿರಣದಿಂದ ಬಂದುದಲ್ಲ, ತಾನಾಗಿ ಉದ್ಭವಿಸಿದ್ದು. ಅಲ್ಲಿನ ಲೆಕ್ಕಕ್ಕೆ ಅದರಿಂದ ಪ್ರಯೋಜನವಿರಲಿಲ್ಲ. ಆದರೂ ಅವರು ಅದಕ್ಕೆ ‘ಸ್ಕರ್ಫಿ’ ಎಂದು ಹೆಸರಿಟ್ಟು, ಸಂತಾನ ಪಡೆಯುವ ಮುಂಚೆಯೇ ಸಾಯುವ ಗಂಡುಗಳ ಆ ವಂಶವನ್ನು, ರೋಗವನ್ನು ತಮ್ಮೊಳಗೆ ಹೊತ್ತೂ ಆರೋಗ್ಯದಿಂದಿದ್ದ ತಾಯಂದಿರ ಮೂಲಕ ಉಳಿಸಿಕೊಂಡು ಬಂದರು.

ಆ ಸಹನೆಗೆ ಮೊದಲ ಫಲ ದೊರೆತದ್ದು ಬೇರೊಂದು ದಿಕ್ಕಿನಿಂದ. ದೋಷವು ಎಕ್ಸ್ ವರ್ಣತಂತುವಿನಲ್ಲಿದ್ದುದರಿಂದ ಗಂಡುಗಳಿಗೆ ಮಾತ್ರ ಬರಬೇಕಾದ ಈ ರೋಗ ಒಮ್ಮೊಮ್ಮೆ ಹೆಣ್ಣಿನಲ್ಲಿಯೂ ತೋರಿತು. ಅಂತಹ ಹೆಣ್ಣುಗಳಲ್ಲಿ ಎಕ್ಸ್ ವರ್ಣತಂತು ಒಂದೇ ಇರುವುದೆಂದು 1959ರಲ್ಲಿ ವಿವರಿಸಿದಾಗ, ಸ್ತನಿಗಳಲ್ಲಿ ಗಂಡುತನವನ್ನು ನಿರ್ಣಯಿಸುವುದು ವೈ ವರ್ಣತಂತುವೆಂಬ ತತ್ತ್ವಕ್ಕೆ ಆಧಾರ ಸಿಕ್ಕಿತು. ಮರಿಗಳು ಸಾಯುವುದೇಕೆಂಬುದು ಮಾತ್ರ ನಿಗೂಢವಾಗಿಯೇ ಉಳಿಯಿತು. ಅವುಗಳ ಟಿ ಕಣಗಳೆಂಬ ಬಿಳಿಯ ರಕ್ತಕಣಗಳೇ ಕೆರಳಿ ಸ್ವಂತ ಅಂಗಾಂಗಗಳ ಮೇಲೆ ಬೀಳುತ್ತವೆಂದು ತಿಳಿದುಬಂದದ್ದು 1990ರ ದಶಕದಲ್ಲಿ. ಬೇಲಿಯೇ ಎದ್ದು ಹೊಲ ಮೇಯುವುದೆಂದು ನಮ್ಮವರು ಹೇಳುವುದು ಇಂತಹುದನ್ನೇ.

ಇತ್ತ ಜಪಾನಿನ ನಗೋಯಾ ನಗರದಲ್ಲಿ, 1969ರಲ್ಲಿ, ನಿಶಿಜುಕಾ ಮತ್ತು ಸಾಕಾಕುರಾ ಎಂಬ ಸಂಶೋಧಕರು ಹುಟ್ಟಿದ ಮೂರನೆಯ ದಿನ ಸುಂಡಿಲಿಯ ಎದೆಯೊಳಗಿನ ಥೈಮಸ್ ಗ್ರಂಥಿಯನ್ನು ತೆಗೆದರೆ ಅದರ ಅಂಡಾಶಯಗಳು ನಾಶವಾಗುವುದನ್ನು ಕಂಡಿದ್ದರು. ಟಿ ಕಣಗಳು ಪಳಗುವ ಗ್ರಂಥಿಯನ್ನೇ ತೆಗೆದಮೇಲೆ ದೇಹದ ಆಕ್ರಮಣಶಕ್ತಿ ಕುಗ್ಗಬೇಕಲ್ಲವೆ? ಅದು ಹೆಚ್ಚಿ ಸ್ವಂತ ಅಂಗದ ಮೇಲೇ ಎರಗಿದ್ದೇಕೆ? ಈ ಪ್ರಶ್ನೆಯನ್ನು ಹಿಡಿದು ಹೊರಟ ತರುಣ ಶಿಮೋನ್ ಸಾಕಾಗುಚಿ, ಆರೋಗ್ಯವಂತ ಇಲಿಗಳ ಟಿ ಕಣಗಳನ್ನು ಕೊಟ್ಟರೆ ಆ ರೋಗವನ್ನು ತಡೆಯಬಹುದೆಂದು ತೋರಿಸಿದರು. ಎಂದರೆ ಆಕ್ರಮಿಸುವ ಕಣಗಳ ನಡುವೆ ಅವುಗಳನ್ನು ತಡೆಯುವ ಕಣಗಳೂ ಇರಬೇಕು. ಆದರೆ ಕಾಲ ಅನುಕೂಲವಾಗಿರಲಿಲ್ಲ. 1970ರ ದಶಕದಲ್ಲಿ ‘ನಿಗ್ರಹ ಕಣ’ಗಳ ಹೆಸರಿನಲ್ಲಿ ಅತಿಯಾದ ಸಿದ್ಧಾಂತಗಳು ಹುಟ್ಟಿ, ಅವುಗಳಿಗೆ ಆಧಾರವೆಂದು ನಂಬಿದ್ದ ವಂಶವಾಹಿಯು ಇದೆಯೆಂದು ಹೇಳಿದ್ದ ಎಡೆಯಲ್ಲಿ ಇಲ್ಲವೇ ಇಲ್ಲವೆಂದು 1983ರ ಸುಮಾರಿಗೆ ಬಯಲಾಗಿ, ಆ ಮಾತನ್ನೆತ್ತಿದವರನ್ನು ವಿದ್ವತ್ಸಮಾಜವು ಸಂದೇಹದಿಂದ ನೋಡುವಂತಾಗಿತ್ತು. ಸುಳ್ಳಿನ ಜೊತೆಗೆ ನಿಜವನ್ನೂ ಹೊರಗೆಸೆದಿದ್ದ ಆ ವರ್ಷಗಳಲ್ಲಿ ಸಾಕಾಗುಚಿಯವರು ಎದೆಗುಂದದೆ ದುಡಿದು, 1995ರಲ್ಲಿ ಆ ಕಣಗಳನ್ನು ಗುರುತಿಸಬಲ್ಲ ಲಕ್ಷಣವೊಂದನ್ನು, ಮೇಲ್ಮೈಯಲ್ಲಿರುವ ಸಿಡಿ25 ಎಂಬ ಪ್ರೋಟೀನನ್ನು, ಮುಂದಿಟ್ಟರು.

ಸ್ಕರ್ಫಿ ಇಲಿಗಳ ರೋಗಕ್ಕೆ ಮೂಲವಾದ ವಂಶವಾಹಿಯನ್ನು ಹುಡುಕಿದವರು ಅಮೆರಿಕದ ಪಶ್ಚಿಮ ತೀರದ ವಾಷಿಂಗ್ಟನ್ ಸಂಸ್ಥಾನದಲ್ಲಿ, ಬಾತೆಲ್ ಎಂಬ ಊರಿನ ಔಷಧಸಂಸ್ಥೆಯೊಂದರಲ್ಲಿದ್ದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್. ಇಲಿಯ ಎಕ್ಸ್ ವರ್ಣತಂತುವಿನಲ್ಲಿ ಸುಮಾರು 17 ಕೋಟಿ ಡಿಎನ್‌ಎ ಅಕ್ಷರಗಳಿವೆ. ಅದರಲ್ಲಿ ಸುಮಾರು 5 ಲಕ್ಷ ಅಕ್ಷರಗಳ ತುಂಡಿನವರೆಗೆ ಶೋಧವನ್ನು ಕಿರಿದುಗೊಳಿಸಿ, ಅಲ್ಲಿದ್ದ 20 ವಂಶವಾಹಿಗಳನ್ನು ಒಂದರ ಬಳಿಕ ಒಂದಾಗಿ ರೋಗಪೀಡಿತ ಇಲಿಯಲ್ಲಿಯೂ ಆರೋಗ್ಯವಂತ ಇಲಿಯಲ್ಲಿಯೂ ಹೋಲಿಸುತ್ತ ಹೋದಾಗ, ಕಟ್ಟಕಡೆಯ ಇಪ್ಪತ್ತನೆಯದರಲ್ಲಿ ದೋಷ ಸಿಕ್ಕಿತು. ಎರಡೇ ಅಕ್ಷರಗಳು ಹೆಚ್ಚಾಗಿ ಸೇರಿ, ಮುಂದಿನ ಪಾಠವೆಲ್ಲ ಕೆಟ್ಟು, ಪ್ರೋಟೀನು ಮೊಟಕಾಗಿತ್ತು. ಆ ವಂಶವಾಹಿಗೆ ಫಾಕ್ಸ್‌ಪಿ3 ಎಂದು ಹೆಸರಾಯಿತು. ಅದರಿಂದ ಹುಟ್ಟುವ ಪ್ರೋಟೀನು ಡಿಎನ್‌ಎಗೆ ಅಂಟಿಕೊಂಡು ಇತರ ವಂಶವಾಹಿಗಳಲ್ಲಿ ಕೆಲವನ್ನು ಎಚ್ಚರಿಸಿ ಕೆಲವನ್ನು ಸುಮ್ಮನಿರಿಸುವಂಥದು. ಸಾಕಾಗುಚಿಯವರ ಕಣಗಳು ಸಂಯಮದ, ಅಂದರೆ ನಿಯಂತ್ರಕ, ಕಣಗಳಾಗುವುದು ಇದರ ಆಜ್ಞೆಯಿಂದಲೇ ಎಂದು 2003ರಲ್ಲಿ ಅವರೂ ರಾಮ್ಸ್‌ಡೆಲ್ಲರೂ ಅಲೆಕ್ಸಾಂಡರ್ ರುಡೆನ್‌ಸ್ಕಿಯವರೂ ಬೇರೆ ಬೇರೆಯಾಗಿ ತೋರಿಸಿದರು. 2025ರ ನೊಬೆಲ್ ಪಾರಿತೋಷಕ ಬ್ರಂಕೋ, ರಾಮ್ಸ್‌ಡೆಲ್, ಸಾಕಾಗುಚಿ ಮೂವರಿಗೆ ಸಂದಿತು.

ಇಲಿಯ ಕತೆ ಇಲಿಯಲ್ಲೇ ಮುಗಿಯಲಿಲ್ಲ. ಗಂಡುಮಕ್ಕಳು ಮಾತ್ರ ಶೈಶವದಲ್ಲಿಯೇ ನಿಲ್ಲದ ಭೇದಿಯಿಂದಲೂ ಮಧುಮೇಹದಿಂದಲೂ ಸೋಂಕುಗಳಿಂದಲೂ ತೀರಿಕೊಳ್ಳುತ್ತಿದ್ದ ಒಂದು ಕುಟುಂಬವನ್ನು 1982ರಲ್ಲಿ ಅಮೆರಿಕದ ವೈದ್ಯರು ವರ್ಣಿಸಿದ್ದರು. ಈಗ ಐಪೆಕ್ಸ್ ಎಂದು ಕರೆಯುವ ಆ ವ್ಯಾಧಿಗೂ ಮನುಷ್ಯನ ಫಾಕ್ಸ್‌ಪಿ3 ವಂಶವಾಹಿಯ ದೋಷವೇ ಕಾರಣವೆಂದು 2001ರಲ್ಲಿ ಸ್ಥಿರಪಟ್ಟಿತು. ತೊಟ್ಟಿಲ ಕೂಸಿಗೆ ಮಧುಮೇಹ! ಕಾರಣ ತಿಳಿಯದೆ ಒಂದರ ಹಿಂದೊಂದರಂತೆ ಗಂಡುಕೂಸುಗಳನ್ನು ಕಳೆದುಕೊಂಡ ತಾಯಂದಿರ ಸಂಕಟವನ್ನು ಯಾವ ಗ್ರಂಥ ಬರೆದೀತು? ಆ ತಾಯಂದಿರೂ ಓಕ್ ರಿಡ್ಜಿನ ತಾಯಿಲಿಗಳಂತೆ ಸ್ವತಃ ಆರೋಗ್ಯವಂತರು. ಹೆಣ್ಣಿನ ಪ್ರತಿ ಜೀವಕಣದಲ್ಲಿಯೂ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದು ಮಲಗಿರುತ್ತದೆ. ಸರಿಯಾದುದು ಎಚ್ಚೆತ್ತಿರುವ ಕಣಗಳಿಂದಲೇ ಅವರ ನಿಯಂತ್ರಕ ಕಣಗಳು ಹುಟ್ಟಿ, ದೇಹವನ್ನೆಲ್ಲ ಕಾಯುತ್ತವೆ. ಇಂದು ವೈದ್ಯರು ಇಂತಹ ಮಗುವಿಗೆ ದಾನಿಯೊಬ್ಬರ ಅಸ್ಥಿಮಜ್ಜೆಯನ್ನು ನೀಡುತ್ತಾರೆ. ಆ ಮಜ್ಜೆಯು ಪೂರ್ತಿಯಾಗಿ ನೆಲೆಗೊಳ್ಳದೆ, ರಕ್ತಕಣಗಳಲ್ಲಿ ಬಹುಭಾಗ ಮಗುವಿನ ಸ್ವಂತದ್ದೇ ಆಗಿ ಉಳಿದರೂ, ದಾನಿಯಿಂದ ಬಂದ ನಿಯಂತ್ರಕ ಕಣಗಳು ಬೇರೂರಿದಲ್ಲಿ ವ್ಯಾಧಿಯು ಶಮನವಾಗಿರುವುದುಂಟು.